ಸಾಕ್ಷಿಯ ಮಾತು, ದಾಖಲೆಯ ಮಾತು: ವಿಚಾರಣಾ ನ್ಯಾಯಾಲಯದ ಕಡತ ಮತ್ತು ಕನ್ನಡ ಅಧ್ಯಯನ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿ ಬಾಗೇಪಲ್ಲಿಯ ಕಡೆಗೆ ಸಾಗಿದರೆ ಪೆರೇಸಂದ್ರ ಸಿಗುತ್ತದೆ. ಗುಡಿಬಂಡೆಯ ದಾರಿ ಕವಲೊಡೆಯುವುದು ಇಲ್ಲಿಯೇ. ಊರ ಹೆಸರಿನ ಉತ್ತರಾರ್ಧವಾದ ‘ಸಂದ್ರ’ ಎಂಬುದು ‘ಸಮುದ್ರ’ ಶಬ್ದದ ಸವೆದ ರೂಪವೆಂದೂ, ಆ ಶಬ್ದ ಇಲ್ಲಿ ಕೆರೆಯನ್ನು ಸೂಚಿಸುತ್ತದೆಂದೂ ಸ್ಥಳನಾಮ ಅಧ್ಯಯನಕಾರರು ಹೇಳುತ್ತಾರೆ. ಬರೆಹದ ‘ಸಮುದ್ರ’ವು ಬಾಯಿಂದ ಬಾಯಿಗೆ ದಾಟುತ್ತ ‘ಸಂದ್ರ’ವಾಗಿ, ಮತ್ತೆ ಆ ಸವೆದ ರೂಪವೇ ಬರೆಹಕ್ಕೆ ಹಿಂದಿರುಗಿದೆ. ಮಾತು ಮತ್ತು ಬರೆಹಗಳ ನಡುವಿನ ಈ ಸಂಚಾರ ಊರ ಹೆಸರಿನಲ್ಲಿ ನಿರಪಾಯಕರ. ಆದರೆ ಅದೇ ಊರಿನ ಒಬ್ಬ ರೈತನೋ ಕೂಲಿಕಾರ್ತಿಯೋ ಸಾಕ್ಷಿಯಾಗಿ ಜಿಲ್ಲಾ ಕೇಂದ್ರದ ನ್ಯಾಯಾಲಯದ ಕಟಕಟೆಯಲ್ಲಿ ನಿಂತಾಗ ಅದು ನಿರಪಾಯಕರವಾಗಿ ಉಳಿಯುವುದಿಲ್ಲ. ಅಲ್ಲಿ ಆಡಿದ ಮಾತು ಹೇಗೆ ಬರೆಹವಾಯಿತೆಂಬುದರ ಮೇಲೆ ಒಬ್ಬನ ಜಮೀನು, ಇನ್ನೊಬ್ಬನ ಸ್ವಾತಂತ್ರ್ಯ, ಕೆಲವೊಮ್ಮೆ ಪ್ರಾಣವೇ ನಿಂತಿರುತ್ತದೆ.

ವಿಚಾರಣಾ ನ್ಯಾಯಾಲಯದ ಸಾಕ್ಷ್ಯದಾಖಲೆಯನ್ನು ಕನ್ನಡ ವಿದ್ವತ್ತು ಇದುವರೆಗೆ ವಕೀಲರ ವಿಷಯವೆಂದು ಬದಿಗಿಟ್ಟಿದೆ. ಇದು ತಪ್ಪು. ಆ ದಾಖಲೆ ಒಂದು ಪಠ್ಯ. ಅದಕ್ಕೆ ಆಡಿದವರಿದ್ದಾರೆ, ಲಿಪಿಕಾರರಿದ್ದಾರೆ, ಅನುವಾದಕರಿದ್ದಾರೆ. ಪಾಠಾಂತರಗಳೂ ಸ್ಖಲಿತಗಳೂ ಇವೆ. ಸಾಕ್ಷಿಯ ಮಾತು ಅವನದೇ ಭಾಷೆಯಲ್ಲಿ ಉಳಿಯಬೇಕು, ಹಾಗೆ ಉಳಿದುದು ನಾಶವಾಗದಂತೆ ಕಾಯಬೇಕು ಎಂಬ ಎರಡು ಬೇಡಿಕೆಗಳನ್ನು ಮುಂದಿಡಲು ಕಾನೂನು ಪಂಡಿತರಷ್ಟೇ ಅಧಿಕಾರ ಭಾಷಾಸಾಹಿತ್ಯಗಳ ಅಭ್ಯಾಸಿಗಳಿಗೂ ಇದೆ.

ಮೊದಲಿಗೆ ವ್ಯವಸ್ಥೆಯ ಸ್ವರೂಪವನ್ನು ಗಮನಿಸಬೇಕು. ಒಕ್ಕೂಟ ರಾಷ್ಟ್ರಗಳಲ್ಲಿ ವಿಚಾರಣಾ ನ್ಯಾಯಾಲಯಗಳನ್ನು ಕಟ್ಟುವ ಕ್ರಮ ಒಂದೇ ಬಗೆಯದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1789ರ ನ್ಯಾಯಾಂಗ ಕಾಯಿದೆಯಿಂದ ಮೊದಲ್ಗೊಂಡು ಒಕ್ಕೂಟ ಸರ್ಕಾರದ್ದೇ ಆದ ವಿಚಾರಣಾ ನ್ಯಾಯಾಲಯಗಳಿವೆ. ಇಂದು ಅವುಗಳಿಗೆ 94 ನ್ಯಾಯಿಕ ಜಿಲ್ಲೆಗಳಿವೆ. ರಾಜ್ಯಗಳ ನ್ಯಾಯಾಲಯಗಳು ಬೇರೆಯೇ. ಭಾರತ ಒಕ್ಕೂಟವಾದರೂ ಈ ಇಬ್ಬಗೆಯನ್ನು ಒಪ್ಪಲಿಲ್ಲ. ಇಲ್ಲಿ ಸಂಸತ್ತು ಮಾಡಿದ ಕಾನೂನನ್ನೂ ವಿಧಾನಮಂಡಲ ಮಾಡಿದ ಕಾನೂನನ್ನೂ ಸಾಮಾನ್ಯವಾಗಿ ಅನ್ವಯಿಸುವವರು ಅದೇ ಜಿಲ್ಲಾ ನ್ಯಾಯಾಧೀಶರು, ಅದೇ ಸಿವಿಲ್ ನ್ಯಾಯಾಧೀಶರು, ಅದೇ ಪ್ರಥಮ ದರ್ಜೆ ದಂಡಾಧಿಕಾರಿಗಳು. ಸಂವಿಧಾನದ 233ರಿಂದ 237ರವರೆಗಿನ ವಿಧಿಗಳು ಇವುಗಳನ್ನು ‘ಅಧೀನ ನ್ಯಾಯಾಲಯ’ಗಳೆಂದು ಕರೆದು ಉಚ್ಚ ನ್ಯಾಯಾಲಯದ ಹತೋಟಿಗೆ ಒಪ್ಪಿಸಿವೆ.

ಹೀಗೆ ನ್ಯಾಯಾಲಯಗಳ ನಡುವೆ ಒಕ್ಕೂಟದ ಗೆರೆ ಇಲ್ಲದಿದ್ದರೂ ಭಾಷೆಯ ನಡುವೆ ಆ ಗೆರೆ ಸ್ಪಷ್ಟವಾಗಿದೆ. ಸಂವಿಧಾನದ 348ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನು ನಿರ್ಧರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಪ್ರಕರಣ, 1973ರ ದಂಡ ಪ್ರಕ್ರಿಯಾ ಸಂಹಿತೆಯ 272ನೆಯ ಪ್ರಕರಣ, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 307ನೆಯ ಪ್ರಕರಣ, ಇವೆಲ್ಲ ಹೇಳುವುದು ಇದನ್ನೇ. 1963ರ ರಾಜಭಾಷಾ ಅಧಿನಿಯಮದ ಮೂಲಕ ಕನ್ನಡವನ್ನು ಆಡಳಿತ ಭಾಷೆಯಾಗಿ ಘೋಷಿಸಿದ ಕರ್ನಾಟಕದಲ್ಲಿ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ಪರಿಣಾಮವಾಗಿ ಕೆಳಹಂತದಲ್ಲಿ ಕನ್ನಡದಲ್ಲಿ ಹುಟ್ಟಿದ ಸಾಕ್ಷ್ಯ ಮೇಲ್ಮನವಿಯ ಹಂತಕ್ಕೆ ಏರುವಾಗ ಇಂಗ್ಲಿಷಿಗೆ ದಾಟುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದಾಟಬೇಕಾದ ಹೊಳೆಗಳು ಎರಡು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ, ಅದರಲ್ಲೂ ಪೆರೇಸಂದ್ರದಿಂದ ಉತ್ತರಕ್ಕೆ, ಮನೆಮಾತು ತೆಲುಗಾಗಿರುವ ಕುಟುಂಬಗಳು ಬಹಳ. ಕೈವಾರದ ನಾರೇಯಣ ಯತಿಗಳು ತೆಲುಗು ಕನ್ನಡಗಳೆರಡರಲ್ಲೂ ರಚನೆ ಮಾಡಿದ ನೆಲವಿದು. ಇಲ್ಲಿ ಜನ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಸಂತೆಯಲ್ಲಿ ಎರಡನ್ನೂ ಆಡುತ್ತಾರೆ, ಮನೆಯ ಜಗಳವನ್ನು ಮಾತ್ರ ಮನೆಮಾತಿನಲ್ಲೇ ಆಡುತ್ತಾರೆ. ನ್ಯಾಯಾಲಯಕ್ಕೆ ಹೋಗುವುದು ಇಂಥ ಜಗಳವೇ. ಆದ್ದರಿಂದ ತೆಲುಗಿನಲ್ಲಿ ನಡೆದದ್ದು ಕನ್ನಡದಲ್ಲಿ ದಾಖಲಾಗಿ, ಇಂಗ್ಲಿಷಿನಲ್ಲಿ ತೀರ್ಮಾನವಾಗುವ ಪ್ರಸಂಗ ಇಲ್ಲಿ ಅಪರೂಪವಲ್ಲ.

ಈ ದಾಟುವಿಕೆಯ ಅಪಾಯವನ್ನು ಕಾನೂನು ಅರಿಯದೆ ಇಲ್ಲ. ಸಾಕ್ಷಿಯು ನ್ಯಾಯಾಲಯದ ಭಾಷೆಯಲ್ಲಿ ನುಡಿದರೆ ಅದೇ ಭಾಷೆಯಲ್ಲಿ ಬರೆದುಕೊಳ್ಳಬೇಕು, ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಾದಷ್ಟೂ ಆ ಭಾಷೆಯಲ್ಲಿಯೇ ಬರೆದುಕೊಳ್ಳಬಹುದು, ಸಾಧ್ಯವಿಲ್ಲದಿದ್ದರೆ ನಿಜವಾದ ಅನುವಾದವನ್ನು ಸಿದ್ಧಪಡಿಸಬೇಕು ಎಂದು ಹಳೆಯ ಸಂಹಿತೆಯ 277ನೆಯ ಪ್ರಕರಣವೂ ಹೊಸ ಸಂಹಿತೆಯ 312ನೆಯ ಪ್ರಕರಣವೂ ವಿಧಿಸುತ್ತವೆ. ಬರೆದುದನ್ನು ಸಾಕ್ಷಿಗೆ ಓದಿಹೇಳಬೇಕು; ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು; ಅವನು ತಪ್ಪೆಂದದ್ದನ್ನು ನ್ಯಾಯಾಧೀಶರು ತಿದ್ದಲೊಪ್ಪದಿದ್ದರೆ ಆಕ್ಷೇಪಣೆಯನ್ನಾದರೂ ಟಿಪ್ಪಣಿಸಬೇಕು. ಕಾಗದದ ಮೇಲೆ ಇದಕ್ಕಿಂತ ಉತ್ತಮ ನಿಯಮವನ್ನು ಕಲ್ಪಿಸುವುದು ಕಷ್ಟ. ಆದರೆ ದಿನಕ್ಕೆ ಹತ್ತಾರು ಪ್ರಕರಣಗಳು ಕೂಗಲ್ಪಡುವ ಸಭಾಂಗಣದಲ್ಲಿ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಕೇಳಿ, ತಮ್ಮ ವಾಕ್ಯದಲ್ಲಿ ಉಕ್ತಲೇಖನ ಕೊಟ್ಟು, ಬೆರಳಚ್ಚುಗಾರರು ಅದನ್ನು ಮೂಡಿಸುವ ಕ್ರಮದಲ್ಲಿ ‘ಓದಿಹೇಳಲಾಯಿತು, ಸರಿಯಿದೆ’ ಎಂಬ ಒಕ್ಕಣೆ ಸುಲಭವಾಗಿ ಯಾಂತ್ರಿಕವಾಗುತ್ತದೆ.

ಹೀಗೆ ಮೂಡಿದ ಪಠ್ಯದ ರೂಪವೇ ವಿಲಕ್ಷಣವಾದುದು. ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನ ರೂಪದಲ್ಲಿ ಬರೆಯಬೇಕು, ಪ್ರಶ್ನೋತ್ತರ ರೂಪ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದಕಾರಣ ವಕೀಲರು ಕೇಳಿದ ಪ್ರಶ್ನೆಗಳು ಅಳಿದು, ಉತ್ತರಗಳು ಮಾತ್ರ ಒಂದಕ್ಕೊಂದು ಸೇರಿ, ‘ನಾನು’ ಎಂದು ಆರಂಭವಾಗುವ ಅಖಂಡ ನಿರೂಪಣೆಯಾಗುತ್ತವೆ. ಕಡತವನ್ನು ಓದುವವರಿಗೆ ಸಾಕ್ಷಿ ತಾನಾಗಿಯೇ ಅಷ್ಟನ್ನೂ ಅದೇ ಅನುಕ್ರಮದಲ್ಲಿ ಹೇಳಿದಂತೆ ತೋರುತ್ತದೆ. ಪಾಟೀ ಸವಾಲಿನ ಭಾಗದಲ್ಲಂತೂ ‘ಅಂದು ನಾನು ಸ್ಥಳದಲ್ಲಿ ಇರಲಿಲ್ಲವೆಂದರೆ ಸರಿಯಲ್ಲ’ ಎಂಬಂಥ ವಾಕ್ಯಗಳು ಸಾಲುಸಾಲಾಗಿ ಬರುತ್ತವೆ. ಯಾವ ಹಳ್ಳಿಗನೂ ಹೀಗೆ ಮಾತನಾಡುವುದಿಲ್ಲ. ಅವನು ಹೇಳಿದ್ದು ಬಹುಶಃ ‘ಇದ್ದೆ ಸ್ವಾಮಿ’ ಎಂದಿರಬಹುದು, ಅಥವಾ ಬರಿದೆ ತಲೆಯಲ್ಲಾಡಿಸಿರಬಹುದು. ದಾಖಲೆಯ ವಾಕ್ಯದಲ್ಲಿ ವಕೀಲರ ಸೂಚನೆ ಹೊಟ್ಟೆಯೊಳಗೆ ಕುಳಿತು, ಸಾಕ್ಷಿಯ ನಿರಾಕರಣೆ ಬಾಲಕ್ಕೆ ಅಂಟಿಕೊಂಡಿದೆ. ಸಿವಿಲ್ ದಾವೆಗಳಲ್ಲಿ ಬದಲಾವಣೆ ಇನ್ನೂ ಮುಂದೆ ಹೋಗಿದೆ. 2002ರ ಜುಲೈಯಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಸಾಕ್ಷಿಯ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕವೇ ನಡೆಯುತ್ತದೆ. ಆ ಪತ್ರವನ್ನು ಸಿದ್ಧಪಡಿಸುವವರು ಸಾಮಾನ್ಯವಾಗಿ ವಕೀಲರು. ಸಹಿ ಅಥವಾ ಹೆಬ್ಬೆಟ್ಟು ಸಾಕ್ಷಿಯದು.

ಇಲ್ಲಿ ಕಳೆದುಹೋಗುವುದು ಶೈಲಿಯೊಂದೇ ಆಗಿದ್ದರೆ ಸಾಹಿತ್ಯಪ್ರಿಯರ ಕೊರಗೆಂದು ತಳ್ಳಿಹಾಕಬಹುದಿತ್ತು. ಕಳೆದುಹೋಗುವುದು ವ್ಯಾಕರಣ, ಮತ್ತು ವ್ಯಾಕರಣದೊಡನೆ ಸಂಗತಿ. ಮೂರು ನಿದರ್ಶನಗಳು ಸಾಕು.

ಒಂದು, ಸರ್ವನಾಮ. ತೆಲುಗಿನಲ್ಲಿ ಉತ್ತಮಪುರುಷ ಬಹುವಚನಕ್ಕೆ ಎರಡು ರೂಪಗಳಿವೆ. ಕೇಳುಗನನ್ನೂ ಒಳಗೊಂಡರೆ ‘ಮನಮು’, ಅವನನ್ನು ಹೊರಗಿಟ್ಟರೆ ‘ಮೇಮು’. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಒಬ್ಬ ಆರೋಪಿ ಇನ್ನೊಬ್ಬನಿಗೆ ‘ಮನಂ ಚೂಸುಕುಂಟಾಂ’ ಎಂದದ್ದನ್ನು ಸಾಕ್ಷಿ ಕೇಳಿಸಿಕೊಂಡಿದ್ದಾನೆ ಎನ್ನೋಣ. ಆಗ ಕೇಳಿದವನೂ ಸಂಚಿನ ಪಾಲುದಾರ. ‘ಮೇಂ ಚೂಸುಕುಂಟಾಂ’ ಎಂದಿದ್ದರೆ ಅವನನ್ನು ಬದಿಗಿರಿಸಿಯೇ ಆಡಿದ ಮಾತದು. ಕನ್ನಡದ ದಾಖಲೆಯಲ್ಲಿ ಎರಡೂ ‘ನಾವು ನೋಡಿಕೊಳ್ಳುತ್ತೇವೆ’ ಎಂದಾಗುತ್ತವೆ. ಸಮಾನ ಉದ್ದೇಶವನ್ನೂ ಒಳಸಂಚನ್ನೂ ನಿರ್ಣಯಿಸಬೇಕಾದ ಪ್ರಕರಣದಲ್ಲಿ ಎರಡನೆಯ ವ್ಯಕ್ತಿಯ ಪಾತ್ರವನ್ನು ಬಿಡಿಸಿ ತೋರಿಸುತ್ತಿದ್ದ ಒಂದು ಪ್ರತ್ಯಯದಷ್ಟು ಸಣ್ಣ ಸುಳಿವು ಅಲ್ಲಿಗೆ ಅಳಿಯಿತು.

ಎರಡು, ಕೇಳಿಕೆಯ ಸೂಚಕ. ‘ಹೊಡೆದ’ ಎಂಬುದಕ್ಕೂ ‘ಹೊಡೆದನಂತೆ’ ಎಂಬುದಕ್ಕೂ ಇರುವ ಅಂತರ ಕನ್ನಡದ ಮಗುವಿಗೂ ಗೊತ್ತು. ತೆಲುಗಿನ ‘ಕೊಟ್ಟಾಡು’, ‘ಕೊಟ್ಟಾಡಂಟ’ಗಳ ಅಂತರವೂ ಅದೇ. ಕಂಡು ಹೇಳಿದ್ದನ್ನೂ ಕೇಳಿ ಹೇಳಿದ್ದನ್ನೂ ಈ ಭಾಷೆಗಳು ಕ್ರಿಯಾಪದದ ಕೊನೆಯಲ್ಲಿಯೇ ಬೇರ್ಪಡಿಸುತ್ತವೆ. ಮೌಖಿಕ ಸಾಕ್ಷ್ಯ ಪ್ರತ್ಯಕ್ಷವಾಗಿರಬೇಕೆಂಬುದು 1872ರ ಸಾಕ್ಷ್ಯ ಅಧಿನಿಯಮದ 60ನೆಯ ಪ್ರಕರಣದ ಸಾರ. ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 55ನೆಯದು. ಕಾನೂನು ಇಷ್ಟು ಶ್ರಮಪಟ್ಟು ಹುಡುಕುವ ಭೇದವನ್ನು ಹಳ್ಳಿಗನ ನಾಲಿಗೆ ತಾನಾಗಿಯೇ ಒದಗಿಸುತ್ತಿದೆ. ಆದರೆ ಉಕ್ತಲೇಖನದ ಶಿಷ್ಟಗದ್ಯಕ್ಕೆ ‘ಅಂತೆ’ ಎಂಬುದು ಆಡುನುಡಿಯ ಅಲಂಕಾರವಾಗಿ ಕಾಣಬಹುದು. ಇಂಗ್ಲಿಷಿಗೆ ದಾಟುವಾಗಲಂತೂ ಅದು ಉದುರಿಹೋಗುವ ಸಂಭವ ಹೆಚ್ಚು. ಜೊತೆಗೆ, ತೆಲುಗಿನಲ್ಲಿ ಹೊಡೆದನೆಂಬ ಅರ್ಥದ ಪದ ಕನ್ನಡದ ಕಿವಿಗೆ ಕೊಡುವಿಕೆಯನ್ನು ನೆನಪಿಸುವಷ್ಟು ಸಮೀಪದ ಧ್ವನಿಯುಳ್ಳದ್ದೆಂಬುದನ್ನೂ ಮರೆಯಬಾರದು.

ಮೂರು, ಬಂಧುವಾಚಕ. ಒಡಹುಟ್ಟಿದವನ ಮಗನನ್ನು ‘ನನ್ನ ಮಗ’ ಎನ್ನುವುದು ಈ ಸೀಮೆಯ ವಾಡಿಕೆ. ‘ಅಳಿಯ’ ಎಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ‘ಮಾವ’ ಎಂಬ ಪದಕ್ಕೂ ಇಂಥದೇ ವಿಸ್ತಾರವಿದೆ. ಪಾಲು ವಿಭಾಗದ ದಾವೆಯಲ್ಲಿ, ದತ್ತಕದ ತಕರಾರಿನಲ್ಲಿ, ಉಯಿಲಿನ ವಿವಾದದಲ್ಲಿ ಈ ಪದಗಳ ಅರ್ಥನಿರ್ಣಯವೇ ಆಸ್ತಿಯ ನಿರ್ಣಯ. ಇಂಗ್ಲಿಷ್ ಅನುವಾದಕ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ ಕ್ಷಣ ಅನುವಾದವು ತೀರ್ಪಿನ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಟ್ಟಿರುತ್ತದೆ.

ಇದರ ಪರಿಣಾಮವನ್ನು ಅನುಭವಿಸುವವನು ಹೆಚ್ಚಾಗಿ ಸಾಕ್ಷಿಯೇ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ನ್ಯಾಯಾಲಯದಲ್ಲಿ ನುಡಿದ ಮಾತಿಗೂ ವ್ಯತ್ಯಾಸ ತೋರಿದರೆ ಪಾಟೀ ಸವಾಲಿನಲ್ಲಿ ಅದನ್ನು ವಿರೋಧಾಭಾಸವೆಂದು ಎತ್ತಿತೋರಿಸಬಹುದು. ಪೊಲೀಸ್ ಹೇಳಿಕೆಯನ್ನು ಬರೆದವನು ಠಾಣೆಯ ಸಿಬ್ಬಂದಿ, ಬರೆದದ್ದು ಅವನ ಠಾಣೆಗನ್ನಡದಲ್ಲಿ. ಸಾಕ್ಷಿ ಅದಕ್ಕೆ ಸಹಿಯನ್ನೂ ಹಾಕಿರುವುದಿಲ್ಲ, ಹಾಕಿಸಬಾರದೆಂದೇ ಕಾನೂನಿದೆ. ಎರಡು ಬೇರೆ ಬೇರೆ ಲೇಖಣಿಗಳಿಂದ ಮೂಡಿದ ಎರಡು ಅನುವಾದಗಳ ನಡುವಿನ ಭಿನ್ನತೆಗೆ ಒಬ್ಬ ಸತ್ಯವಂತ ಸುಳ್ಳುಗಾರನೆಂದು ಕರೆಸಿಕೊಳ್ಳುವ, ಅದರಿಂದ ಅಪರಾಧಿ ಪಾರಾಗುವ ಅಥವಾ ನಿರಪರಾಧಿ ಸಿಲುಕುವ ಸಾಧ್ಯತೆ ಇದರಲ್ಲಡಗಿದೆ.

ಹಳಗಾಲದ ವಿದ್ವಾಂಸರು ಈ ಸಮಸ್ಯೆಯನ್ನು ಕಂಡಿರಲಿಲ್ಲವೆನ್ನಲಾಗದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ವ್ಯವಹಾರಾಧ್ಯಾಯ ಮೂಲತಃ ವಿಚಾರಣೆಯ ಶಾಸ್ತ್ರ. ಅದರಲ್ಲಿ ವ್ಯವಹಾರಕ್ಕೆ ನಾಲ್ಕು ಪಾದಗಳು: ದೂರು, ಉತ್ತರ, ಪ್ರಮಾಣ, ನಿರ್ಣಯ. ಮೊದಲ ಪಾದವಾದ ದೂರಿಗೆ ಶಾಸ್ತ್ರಕಾರರು ಕೊಟ್ಟ ಪಾರಿಭಾಷಿಕ ಹೆಸರು ‘ಭಾಷಾ’ ಎಂಬುದು ಭಾಷಾವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ. ವಾದಿಯು ನಿವೇದಿಸಿದ್ದನ್ನು ನಿವೇದಿಸಿದಂತೆಯೇ, ಪ್ರತಿವಾದಿಯ ಎದುರಿನಲ್ಲಿಯೇ, ವರ್ಷ ಮಾಸ ಪಕ್ಷ ದಿನಗಳೊಡನೆ ಬರೆಯಬೇಕೆಂಬುದು ಯಾಜ್ಞವಲ್ಕ್ಯನ ವಿಧಿ. ಮೊದಲು ಹಲಗೆಯ ಮೇಲೋ ನೆಲದ ಮೇಲೋ ಬಳಪದಿಂದ ಕರಡು ಬರೆದು, ಶೋಧಿಸಿ, ಆಮೇಲೆ ಪತ್ರಕ್ಕೇರಿಸಬೇಕೆಂದು ಕಾತ್ಯಾಯನನು ಹೇಳುತ್ತಾನೆ. ಜನರ ನಡುವಣ ಪತ್ರಗಳು ಸಾಧುಶಬ್ದಗಳಲ್ಲಿಯೇ ಇರಬೇಕೆಂಬ ನಿಯಮವಿಲ್ಲ, ಅವರವರ ದೇಶಭಾಷೆಯಲ್ಲಿ ಬರೆಯಬಹುದೆಂದು ವಿಜ್ಞಾನೇಶ್ವರ ಸಂಸ್ಕೃತದಲ್ಲಿಯೇ ಬರೆದು ಒಪ್ಪುತ್ತಾನೆ.

ಜೈನ ಆಚಾರಶಾಸ್ತ್ರ ಇನ್ನೂ ಸೂಕ್ಷ್ಮವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳು ಸೇರಿವೆ. ಎರಡೂ ನ್ಯಾಯಸಭೆಯ ವಾಸನೆಯುಳ್ಳ ಪದಗಳೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೂಟಲೇಖವನ್ನು ವಿವರಿಸುತ್ತ, ಒಬ್ಬನು ನುಡಿಯದುದನ್ನು ಅಥವಾ ಮಾಡದುದನ್ನು, ಮತ್ತೊಬ್ಬರ ಪ್ರೇರಣೆಯಿಂದ, ಅವನು ಹೀಗೆ ನುಡಿದನೆಂದು, ಹೀಗೆ ಮಾಡಿದನೆಂದು ವಂಚನೆಗಾಗಿ ಬರೆಯುವುದೇ ಅದೆಂದು ಹೇಳುತ್ತಾರೆ. ಇಂದಿನ ಬೆರಳಚ್ಚುಗಾರನಲ್ಲಿಯೂ ನ್ಯಾಯಾಧೀಶರಲ್ಲಿಯೂ ವಂಚನೆಯ ಉದ್ದೇಶವಿಲ್ಲ. ಅವರನ್ನು ಈ ದೋಷಕ್ಕೆ ಗುರಿಮಾಡುವುದು ಅನ್ಯಾಯ. ಆದರೆ ನುಡಿಯದುದನ್ನು ನುಡಿದನೆಂದು ಬರೆಯುವುದು ಸತ್ಯವ್ರತಕ್ಕೇ ಕುಂದೆಂದು ಎಣಿಸಿದ ಪರಂಪರೆ, ಉದ್ದೇಶವಿಲ್ಲದೆ ಆಗುವ ಅದೇ ಹಾನಿಯನ್ನು ಲಘುವಾಗಿ ಕಾಣಲು ಅವಕಾಶ ಕೊಡುವುದಿಲ್ಲ.

ಕನ್ನಡ ಕಥನಸಾಹಿತ್ಯದಲ್ಲೂ ಈ ಎಚ್ಚರವಿದೆ. ದುರ್ಗಸಿಂಹನ ಪಂಚತಂತ್ರದಲ್ಲಿ ಬರುವ ಧರ್ಮಬುದ್ಧಿ ದುಷ್ಟಬುದ್ಧಿಗಳ ಕಥೆಯನ್ನು ‘ವೃಕ್ಷಸಾಕ್ಷಿ’ ಎಂಬ ಪಾಠವಾಗಿ ಓದದ ಕನ್ನಡ ವಿದ್ಯಾರ್ಥಿಗಳು ವಿರಳ. ಹೂತಿಟ್ಟ ಹೊನ್ನನ್ನು ತಾನೇ ಕದ್ದು, ಆಲದ ಮರವೇ ಸಾಕ್ಷಿಯೆಂದು ಧರ್ಮಾಧಿಕರಣರ ಮುಂದೆ ವಾದಿಸಿದ ದುಷ್ಟಬುದ್ಧಿ ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ದನಿ ಮರದಿಂದ ಬಂತು. ಮಾತು ಮಾತ್ರ ಮಗನದು, ಬಾಯಿ ತಂದೆಯದು. ಧರ್ಮಬುದ್ಧಿ ಪೊಟರೆಗೆ ಬೆಂಕಿಯಿಡುವುದರಿಂದಲೇ ಸತ್ಯ ಹೊರಬೀಳುತ್ತದೆ. ಇದನ್ನು ನೀತಿಕಥೆಯಾಗಿ ಮಾತ್ರ ಓದಿದರೆ ಸಾಲದು. ಸಾಕ್ಷಿಯ ಹೆಸರಿನಲ್ಲಿ ಕೇಳಿಬರುವ ದನಿಯೊಳಗೆ ಯಾರು ಕುಳಿತಿದ್ದಾರೆಂದು ಪರೀಕ್ಷಿಸುವುದೇ ವಿಚಾರಣೆ ಎಂಬ ತತ್ತ್ವವೂ ಅಲ್ಲಿದೆ. ಬೇರೊಬ್ಬರು ಬರೆದ ಪ್ರಮಾಣಪತ್ರದ ‘ನಾನು’, ಪ್ರಶ್ನೆಗಳನ್ನು ನುಂಗಿದ ಹೇಳಿಕೆಯ ‘ನಾನು’ ಎರಡಕ್ಕೂ ಈ ಪರೀಕ್ಷೆ ಅಗತ್ಯ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಇನ್ನೊಂದು ಮಗ್ಗುಲನ್ನು ತೋರುತ್ತದೆ. ಮೂವತ್ತೆರಡು ದಂಡನೆಗಳೂ ಹೊರಡಿಸಲಾರದ ನಿಜವನ್ನು ಅವನು ಕೊನೆಗೆ ತಾನೇ ನುಡಿಯುತ್ತಾನೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂಬ ಆಧುನಿಕ ನಿಯಮಕ್ಕೆ ಇದಕ್ಕಿಂತ ಹಳೆಯ ಕನ್ನಡ ವ್ಯಾಖ್ಯಾನ ಬೇಕಿಲ್ಲ.

ಈ ವಾದಕ್ಕೆ ಎದುರಾಗುವ ಆಕ್ಷೇಪಣೆಗಳನ್ನು ಪ್ರಾಮಾಣಿಕವಾಗಿ ಎಣಿಸಬೇಕು. ಮೊದಲನೆಯದು ಕಾಲದ್ದು. ಪ್ರಕರಣಗಳ ರಾಶಿಯ ನಡುವೆ ಪ್ರತಿಯೊಂದು ಪದವನ್ನೂ ಹಿಡಿದಿಡಲು ಹೊರಟರೆ ನ್ಯಾಯ ಇನ್ನಷ್ಟು ವಿಳಂಬವಾಗುವುದೆಂಬ ಭೀತಿ ಸಕಾರಣವಾದುದು. ಆದರೆ ಸಾಕ್ಷ್ಯವನ್ನು ಶ್ರವ್ಯ ದೃಶ್ಯ ಸಾಧನಗಳಿಂದ ದಾಖಲಿಸಲು 2009ರಿಂದಲೇ ಕ್ರಿಮಿನಲ್ ಪ್ರಕ್ರಿಯೆಯಲ್ಲಿ ಅವಕಾಶವಿದೆ. ಹೊಸ ಸಂಹಿತೆ ಆ ಅವಕಾಶವನ್ನು ಇನ್ನೂ ವಿಸ್ತರಿಸಿದೆ. ಉಕ್ತಲೇಖನದ ಪಠ್ಯ ಇದ್ದಂತೆಯೇ ಇರಲಿ. ಅದರ ಬೆನ್ನಿಗೆ ದನಿಯ ಪ್ರತಿಯೊಂದು ಇದ್ದರೆ ಸಂಶಯ ಬಂದಲ್ಲಿ ಮೂಲಕ್ಕೆ ಮರಳಬಹುದು. ವೇಳೆ ಹಾಳಾಗುವುದು ಸಂಶಯ ಬಂದ ಸ್ಥಳಗಳಲ್ಲಿ ಮಾತ್ರ.

ಎರಡನೆಯ ಆಕ್ಷೇಪಣೆ, ಮೇಲಿನ ನ್ಯಾಯಾಲಯಗಳಿಗೆ ಇಂಗ್ಲಿಷ್ ಬೇಕೇ ಬೇಕೆಂಬುದು. ಬೇಕು, ಅದನ್ನು ನಿರಾಕರಿಸುವ ಅಗತ್ಯವಿಲ್ಲ. ಇಂಗ್ಲಿಷ್ ಅನುವಾದ ಇದ್ದಷ್ಟರಿಂದ ಮೂಲ ಅಳಿಯಬೇಕಾಗಿಲ್ಲವೆಂಬುದಷ್ಟೇ ಇಲ್ಲಿನ ವಾದ. ಅಮೆರಿಕದ ಒಕ್ಕೂಟ ನ್ಯಾಯಾಲಯಗಳಲ್ಲಿ ಆಡಿದ ಪದವನ್ನು ಆಡಿದಂತೆಯೇ ಬರೆದುಕೊಳ್ಳುವ ವರದಿಗಾರರಿದ್ದಾರೆ, 1978ರ ಕಾಯಿದೆಯಿಂದ ಪ್ರಮಾಣಿತ ದುಭಾಷಿಗಳೂ ಇದ್ದಾರೆ. ಆದರೂ ಅಲ್ಲಿ ದಾಖಲೆಗೆ ಸೇರುವುದು ಸಾಮಾನ್ಯವಾಗಿ ದುಭಾಷಿಯ ಇಂಗ್ಲಿಷ್; ಸಾಕ್ಷಿಯ ಸ್ಪ್ಯಾನಿಷ್ ಅಲ್ಲ. ಸಂಪನ್ನ ವ್ಯವಸ್ಥೆಯಲ್ಲೂ ಇದೇ ಕೊರತೆ ಉಳಿದಿದೆಯೆಂದರೆ ಇದನ್ನು ಹಣವೊಂದೇ ನೀಗುವುದಿಲ್ಲ, ಭಾಷೆಯ ಬಗೆಗಿನ ಗೌರವವೂ ಬೇಕು. ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಇಂದು ಯಂತ್ರದ ನೆರವಿನಿಂದ ಕನ್ನಡಕ್ಕೆ ಇಳಿದುಬರುತ್ತಿರುವುದು ಸ್ವಾಗತಾರ್ಹ. ಮೇಲಿನಿಂದ ಇಳಿಯುವ ಅನುವಾದಕ್ಕೆ ದೊರೆತ ಗಮನ ಕೆಳಗಿನಿಂದ ಏರುವ ಅನುವಾದಕ್ಕೆ ದೊರೆತಿಲ್ಲ. ಪ್ರಜೆ ಮಾತನಾಡುವುದು ಆ ಏರುವ ದಾರಿಯಲ್ಲಿ.

ಮೂರನೆಯದು ಗೋಪ್ಯತೆಯ ಪ್ರಶ್ನೆ. ಕಡತಗಳಲ್ಲಿ ಕುಟುಂಬಗಳ ಅತ್ಯಂತ ನೋವಿನ ಗಳಿಗೆಗಳಿರುತ್ತವೆ. ಲೈಂಗಿಕ ಅಪರಾಧಗಳಲ್ಲಿ ನೊಂದವರ ಗುರುತನ್ನು ಬಹಿರಂಗಪಡಿಸುವುದನ್ನು ಕಾನೂನೇ ಶಿಕ್ಷಾರ್ಹಗೊಳಿಸಿದೆ. ಅದು ಹಾಗೆಯೇ ಇರಬೇಕು. ಸಂಶೋಧಕರ ಕುತೂಹಲಕ್ಕೆ ಜೀವಂತ ವ್ಯಕ್ತಿಗಳ ಮಾನ ಬಲಿಯಾಗಬಾರದು. ಹಲವು ದಶಕ ಕಳೆದ ಕಡತಗಳನ್ನು ಮಾತ್ರ, ಹೆಸರು ಮರೆಸಿ, ನಿಯಮಬದ್ಧವಾಗಿ ತೆರೆಯುವುದು ಪತ್ರಾಗಾರಗಳಿಗೆ ಹೊಸತಲ್ಲ.

ತೆರೆಯಲು ಕಡತ ಉಳಿದಿರಬೇಕು. 1917ರ ದಾಖಲೆಗಳ ನಾಶನ ಅಧಿನಿಯಮವು ಅಧೀನ ನ್ಯಾಯಾಲಯಗಳ ಕಡತಗಳನ್ನು ವಿಲೇವಾರಿ ಮಾಡುವ ನಿಯಮಗಳನ್ನು ರೂಪಿಸಲು ಉಚ್ಚ ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿದೆ. ಕೊಠಡಿಗಳು ಸೀಮಿತ, ಕಾಗದ ಅಪಾರ. ವಿಲೇವಾರಿ ಅನಿವಾರ್ಯವೆಂಬುದು ನಿಜ. ಆದರೆ ಕಾನೂನಿನ ದೃಷ್ಟಿಯಲ್ಲಿ ಉಪಯೋಗ ತೀರಿದ ಸಾಕ್ಷಿ ಹೇಳಿಕೆ ಇತಿಹಾಸದ ದೃಷ್ಟಿಯಲ್ಲಿ ಆಗತಾನೇ ಉಪಯುಕ್ತವಾಗುತ್ತದೆ. ತೀರ್ಪುಗಳು ಉಳಿದು ಹೇಳಿಕೆಗಳು ಅಳಿದರೆ, ಮುಂದಿನವರಿಗೆ ಸಿಗುವುದು ನ್ಯಾಯಾಧೀಶರ ಗದ್ಯ ಮಾತ್ರ, ಜನರ ಮಾತಲ್ಲ.

ಅಂಥ ಹೇಳಿಕೆಗಳಿಂದ ಎಂಥ ಇತಿಹಾಸ ಬರೆಯಬಹುದೆಂಬುದಕ್ಕೆ ಉದಾಹರಣೆಗಳಿವೆ. ಕಾರ್ಲೊ ಗಿನ್ಸ್‌ಬರ್ಗ್ 1976ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಹದಿನಾರನೆಯ ಶತಮಾನದ ಇಟಲಿಯ ಒಬ್ಬ ಗಿರಣಿಗಾರನ ಲೋಕದೃಷ್ಟಿಯನ್ನು ಮತೀಯ ವಿಚಾರಣೆಯ ಕಡತಗಳಿಂದಲೇ ಪುನಾರಚಿಸಿದರು. ಶಾಹಿದ್ ಅಮೀನ್ 1995ರಲ್ಲಿ ಚೌರಿ ಚೌರಾ ಘಟನೆಯನ್ನು ಬರೆದಾಗ ಮಾಫಿ ಸಾಕ್ಷಿಯ ಹೇಳಿಕೆಯನ್ನು ಪಂಕ್ತಿಪಂಕ್ತಿಯಾಗಿ ಓದಿದರು. ರಣಜಿತ್ ಗುಹಾ 1987ರಲ್ಲಿ ಬರೆದ ‘ಚಂದ್ರಾಳ ಸಾವು’ ಎಂಬ ಪ್ರಬಂಧ ಬಂಗಾಳದ ಬೀರಭೂಮ್ ಸೀಮೆಯ, 1849ರ ಕೆಲವೇ ಹೇಳಿಕೆಗಳ ತುಣುಕನ್ನು ಆಧರಿಸಿದೆ. ಹಳ್ಳಿಯ ಒಬ್ಬ ತರುಣ ವಿಧವೆಯ ಮರಣದ ಕುರಿತ, ವ್ಯಾಕರಣ ತಪ್ಪಿದ, ಆಡುನುಡಿಯ ಹೇಳಿಕೆಗಳವು. ಗಮನಿಸಬೇಕಾದ್ದು, ಅವು ಗುಹಾ ಅವರಿಗೆ ದೊರೆತದ್ದು ನ್ಯಾಯಾಲಯದ ಕಪಾಟಿನಿಂದಲ್ಲ. ಪಂಚಾನನ ಮಂಡಲ್ ಎಂಬ ಬಂಗಾಳಿ ಸಾಹಿತ್ಯದ ವಿದ್ವಾಂಸರು ಸಂಪಾದಿಸಿ, ವಿಶ್ವಭಾರತಿ ಪ್ರಕಟಿಸಿದ ಹಳೆಯ ಪತ್ರಗಳ ಸಂಗ್ರಹದಿಂದ. ಸಾಹಿತ್ಯದ ಮೇಷ್ಟರೊಬ್ಬರು ಬಾಗಿದ ಅಕ್ಷರಗಳನ್ನು ಕಸವೆಂದು ಎಸೆಯದೆ ಇದ್ದುದರಿಂದ ಒಂದು ಹೆಣ್ಣುಜೀವದ ಕಥೆ ಉಳಿಯಿತು.

ಚಿಕ್ಕಬಳ್ಳಾಪುರ ಜಿಲ್ಲೆಗೂ ಇಂಥ ಪಾಠ ಅಪರಿಚಿತವಲ್ಲ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದ ಸಭೆಯ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಲೆಕ್ಕವೂ ಜನರ ಲೆಕ್ಕವೂ ಹೊಂದಲೇ ಇಲ್ಲ. ಅಲ್ಲಿದ್ದವರ ಮಾತು ಅವರವರ ನುಡಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟರಮಟ್ಟಿಗೆ ಮಾತ್ರ ಮುಂದಿನವರು ಆ ಎರಡು ಲೆಕ್ಕಗಳನ್ನು ತೂಗಿನೋಡಬಲ್ಲರು.

ಕನ್ನಡ ವಿದ್ವತ್ತಿಗೆ ಬೇಕಾದ ಉಪಕರಣಗಳು ಕೈಯಲ್ಲಿಯೇ ಇವೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ಕೆರೆ, ಗದ್ದೆ, ಗಡಿಗಳ ಕಲ್ಬರೆಹಗಳನ್ನು ಅಂದಿನಿಂದ ವಿದ್ವಾಂಸರು ಅಕ್ಷರಕ್ಷರವಾಗಿ ಓದುತ್ತ ಬಂದಿದ್ದಾರೆ. ಮೆಕೆಂಜಿಯ ಕಾಲದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿ ಸಂಪಾದಿಸಿಕೊಟ್ಟರು. ವಡ್ಡಾರಾಧನೆಯನ್ನು ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ಯರೇ 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದು, ಲಿಪಿಕಾರನ ಕೈಯಲ್ಲಿ ಪಠ್ಯ ಹೇಗೆ ಕೆಡುತ್ತದೆ, ಸುಲಭ ಪಾಠವನ್ನು ಏಕೆ ಸಂದೇಹಿಸಬೇಕು ಎಂಬುದನ್ನು ಒಂದು ಪೀಳಿಗೆಗೆ ಕಲಿಸಿದರು. ಓಲೆಗರಿಯ ಲಿಪಿಕಾರ ಅರಿಯದ ಪದವನ್ನು ಅರಿತ ಪದಕ್ಕೆ ಬದಲಿಸುವಂತೆಯೇ ಉಕ್ತಲೇಖನವೂ ಹಳ್ಳಿಯ ಪದವನ್ನು ಶಿಷ್ಟಪದಕ್ಕೆ ಬದಲಿಸುತ್ತದೆ. ಸಾವಿರ ವರ್ಷ ಹಿಂದಿನ ಕವಿಯ ಒಂದು ಪ್ರತ್ಯಯಕ್ಕಾಗಿ ನಾಲ್ಕು ಹಸ್ತಪ್ರತಿಗಳನ್ನು ತೂಗಿನೋಡುವ ಶಿಸ್ತು, ಇಂದಿನ ಸಾಕ್ಷಿಯ ‘ಅಂತೆ’ಗಾಗಿ ಏಕೆ ಎದ್ದು ನಿಲ್ಲಬಾರದು?

ಮಾಡಬಹುದಾದ ಕಾರ್ಯ ದೊಡ್ಡದಲ್ಲ. ಸ್ನಾತಕೋತ್ತರ ಕನ್ನಡ ತರಗತಿಗಳಲ್ಲಿ ನ್ಯಾಯಾಲಯದ ಕನ್ನಡ ಒಂದು ಅಭ್ಯಾಸವಿಷಯವಾಗಲಿ. ಫಿರ್ಯಾದಿ, ಜಾಮೀನು, ಮಹಜರು, ರುಜುವಾತು ಮುಂತಾದ ಪಾರಸಿ ಅರಬ್ಬಿ ಮೂಲದ ಪದಗಳೂ, ಸಾಕ್ಷಿ, ವಾದಿ, ಪ್ರತಿವಾದಿಗಳೂ, ತೆಲುಗು ಕನ್ನಡಗಳೆರಡರಲ್ಲೂ ಬದುಕಿರುವ ‘ತೀರ್ಪು’ ಎಂಬ ಪದವೂ ಒಂದೇ ಕಡತದಲ್ಲಿ ಹೇಗೆ ನೆರೆದಿವೆಯೆಂದು ವಿದ್ಯಾರ್ಥಿಗಳು ನೋಡಲಿ. ಗಡಿ ತಾಲ್ಲೂಕುಗಳ ನ್ಯಾಯಾಲಯಗಳಿಗಾಗಿ ಬಂಧುವಾಚಕಗಳ, ಸರ್ವನಾಮಗಳ, ಬೇಸಾಯದ ಪದಗಳ ತೆಲುಗು ಕನ್ನಡ ಇಂಗ್ಲಿಷ್ ಕೈಪಿಡಿಯೊಂದನ್ನು ಆ ಭಾಗದ ಕಾಲೇಜುಗಳ ಕನ್ನಡ ವಿಭಾಗಗಳು ಸಿದ್ಧಪಡಿಸಲಿ. 2023ರಲ್ಲಿ 7,210 ಕೋಟಿ ರೂಪಾಯಿಗಳ ಮಂಜೂರಾತಿ ಪಡೆದ ಇ-ನ್ಯಾಯಾಲಯ ಯೋಜನೆಯ ಮೂರನೆಯ ಹಂತದಲ್ಲಿ ಹಳೆಯ ಕಡತಗಳ ಗಣಕೀಕರಣವೂ ಸೇರಿದೆ. ಅವಧಿ ತೀರಿದ ಕಡತಗಳಲ್ಲಿ ಪ್ರತಿ ದಶಕಕ್ಕೆ ಒಂದಿಷ್ಟನ್ನಾದರೂ ಮಾದರಿಯಾಗಿ ಆರಿಸಿ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕೆಂದು ಉಚ್ಚ ನ್ಯಾಯಾಲಯವನ್ನು ಕೋರಲು ಇದು ತಕ್ಕ ಕಾಲ. ಆ ಕೋರಿಕೆಯ ಕೆಳಗೆ ಇತಿಹಾಸಕಾರರ ಜೊತೆಗೆ ಕನ್ನಡ ಅಧ್ಯಾಪಕರ ಸಹಿಯೂ ಇರಬೇಕು.

ಪೆರೇಸಂದ್ರದ ಕಡೆಯ ಒಬ್ಬ ಸಾಕ್ಷಿ ಚಿಕ್ಕಬಳ್ಳಾಪುರದಲ್ಲಿ ಸತ್ಯವನ್ನೇ ನುಡಿಯುವೆನೆಂದು ಪ್ರಮಾಣ ಮಾಡುತ್ತಾನೆ. ಪ್ರಮಾಣದ ಭಾರವನ್ನೆಲ್ಲ ಅವನೊಬ್ಬನ ಮೇಲೆ ಹೊರಿಸಿ, ಅವನ ಮಾತನ್ನು ಬರೆದುಕೊಳ್ಳುವವರು ಹಗುರಾಗುವುದು ಧರ್ಮವಲ್ಲ. ಅವನು ನುಡಿದುದನ್ನೇ ಬರೆಯುವ ಹೊಣೆ ವ್ಯವಸ್ಥೆಯದು. ಬರೆದುದು ಅವನು ನುಡಿದುದೇ ಹೌದೇ ಎಂದು ಕೇಳುವ ಹೊಣೆ ಭಾಷೆಯನ್ನು ವೃತ್ತಿಯಾಗಿ ಆರಿಸಿಕೊಂಡವರದು.